ಏರೋಪ್ಲೇನ್ ಚಿಟ್ಟೆಗೆ ಲ್ಯಾಂಡಿಂಗ್ ನಿಷೇಧ

ಮೈಸೂರು-ಮಂಡ್ಯ ಕಡೆ ಒಂದು ಕೆರೆ ಅಭಿವೃದ್ಧಿ ಆಗಿದೆಯೋ ಇಲ್ಲವೋ ತಿಳಿಯಲು ಕಾಮಗಾರಿ ಫಲಕ ಓದುವ ಶ್ರಮ ಬೇಡ. ಸಂಜೆ ಆರಕ್ಕೆ ಏರಿ ಮೇಲೆ ನಿಂತರೆ ಸಾಕು. ಸೊಳ್ಳೆ ತಿನ್ನುವ ಏರೋಪ್ಲೇನ್ ಚಿಟ್ಟೆ (ಡ್ರಾಗನ್‌ಫ್ಲೈ) ಹಾರುತ್ತಿದ್ದರೆ ಕೆಲಸ ಬಾಕಿ ಇದೆ. ಸೊಳ್ಳೆ ಕಚ್ಚಿದರೆ ಬಿಲ್ ಪಾಸಾಗಿದೆ.

ಮೊದಲ ಬಲಿ ಜೊಂಡು. ಈ ಚಿಟ್ಟೆಯ ಮರಿ ನೀರಿನಡಿ ಬೆಳೆದು, ಕೊನೆಗೊಂದು ರಾತ್ರಿ ಕಡ್ಡಿ ಹಿಡಿದು ಮೇಲೆ ಹತ್ತಿ, ಬೆನ್ನು ಬಿರಿದು ಹೊರಬಂದು, ರೆಕ್ಕೆ ಗಟ್ಟಿಯಾಗುವ ತನಕ ಅಲ್ಲೇ ಜೋತಾಡಬೇಕು. ಆದ್ದರಿಂದ ಅಂದಾಜುಪಟ್ಟಿಯಲ್ಲಿ ಜೊಂಡನ್ನು 'ಕಳೆ' ಎಂದು ಬರೆದು ಜೆಸಿಬಿಯಲ್ಲಿ ಎತ್ತಿಸಿ. ದಂಡೆಯ ಇಳಿಜಾರು ತೆಗೆದು ನೇರ ಗೋಡೆ ಕಟ್ಟಿಸಿ, ಒಳಮೈಗೆ ನುಣ್ಣನೆ ಗಾರೆ ಮಾಡಿಸಿ. ಒರಟು ಕಲ್ಲು ಬಿಟ್ಟರೆ ಹಟಮಾರಿ ಮರಿಗಳು ಅದನ್ನೂ ಹತ್ತಿಬಿಡುತ್ತವೆ. ಇವುಗಳಲ್ಲೇ ಪಾಂಟಾಲಾ ಫ್ಲಾವೆಸೆನ್ಸ್ ಎಂಬ ಜಾತಿ ಹಿಂದೂ ಮಹಾಸಾಗರ ದಾಟಿ ಆಫ್ರಿಕಾ ಸೇರುತ್ತದೆ. ನಮ್ಮ ವಾಕಿಂಗ್ ಟ್ರ್ಯಾಕ್ ದಾಟಲಿ ನೋಡೋಣ! ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೀರು ನಿಂತ ಗದ್ದೆಗಳಲ್ಲಿ ಏರೋಪ್ಲೇನ್ ಚಿಟ್ಟೆಗಳು ಇನ್ನೂ ಕದ್ದುಮುಚ್ಚಿ ಸಂಸಾರ ನಡೆಸುತ್ತಿವೆ. ಅಲ್ಲಿಗಿನ್ನೂ ಪಾರ್ಕು ಮಂಜೂರಾಗಿಲ್ಲ.

ಇಷ್ಟಾದರೂ ಮರಿ ಉಳಿದರೆ ಯುಜಿಡಿ, ಅಂದರೆ ಒಳಚರಂಡಿ ಪೈಪು, ಇದೆಯಲ್ಲ. ಏರೋಪ್ಲೇನ್ ಚಿಟ್ಟೆಯ ಮರಿಗೆ ಕಿವಿರು ಇರುವುದು ಗುದನಾಳದೊಳಗೆ. ಹಿಂಬದಿಯಿಂದ ನೀರೆಳೆದು, ಅದರಲ್ಲಿ ಕರಗಿದ ಆಮ್ಲಜನಕ ಹೀರುತ್ತದೆ. ಅವಸರವಾದರೆ ಅದೇ ನೀರನ್ನು ಚಿಮ್ಮಿಸಿ ಮುಂದಕ್ಕೆ ನುಗ್ಗುತ್ತದೆ. ಕೊಳಚೆ ಸೇರಿದೊಡನೆ ಬ್ಯಾಕ್ಟೀರಿಯಾಗಳು ಆ ಆಮ್ಲಜನಕವನ್ನು ಖಾಲಿ ಮಾಡುತ್ತವೆ. ಕ್ಯೂಲೆಕ್ಸ್ ಸೊಳ್ಳೆಯ ಮರಿಗೆ ಆ ಚಿಂತೆಯಿಲ್ಲ. ತಲೆಕೆಳಗಾಗಿ ನೇತಾಡುತ್ತ, ಬಾಲದ ಕೊಳವೆಯನ್ನು ನೀರಿನ ಮೇಲ್ಮೈಗೆ ತಾಗಿಸಿ ನೇರ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಒಂದೇ ಪೈಪು: ತಿನ್ನುವವನ ಉಸಿರು ಕಟ್ಟಿತು, ತುತ್ತಾಗಬೇಕಾದವನ ವಂಶ ಬೆಳೆಯಿತು. ಇಷ್ಟು ಅಗ್ಗದ ಕಾಮಗಾರಿ ಬೇರೆಲ್ಲಿ ಸಿಕ್ಕೀತು?

ಬೆಂಚಿಗೆ ಕರಿ ಗ್ರಾನೈಟೇ ಬೇಕು, ಮುಖ ಕಾಣುವಷ್ಟು ಪಾಲಿಶ್ ಇರಬೇಕು. ನೀರಿನಿಂದ ಮರಳುವ ಬೆಳಕು ಅಡ್ಡಡ್ಡವಾಗಿ ಧ್ರುವೀಕರಣಗೊಂಡಿರುತ್ತದೆ, ಅಂದರೆ ಅದರ ಅಲೆಗಳು ಹೆಚ್ಚಾಗಿ ಅಡ್ಡ ದಿಕ್ಕಿನಲ್ಲೇ ಕಂಪಿಸುತ್ತವೆ; ಏರೋಪ್ಲೇನ್ ಚಿಟ್ಟೆ ಕೆರೆಯನ್ನು ಗುರುತಿಸುವುದು ಅದರಿಂದಲೇ. ಹೊಳೆಯುವ ಕರಿಕಲ್ಲು, ಕಾರಿನ ಬಾನೆಟ್ಟು ಅದನ್ನು ಹಾಗೇ ಏಮಾರಿಸುತ್ತವೆ. ಹೆಣ್ಣು ಬಾಲದ ತುದಿ ತಟ್ಟಿ ತಟ್ಟಿ ಅಲ್ಲೇ ಮೊಟ್ಟೆ ಇಡುತ್ತದೆ, ಬಿಸಿಲಿಗೆ ಒಣಗುತ್ತವೆ. ಉದ್ಘಾಟನೆಗೆ ಬರುವ ಕಾರುಗಳ ಸಾಲು ಎಂಥ ಸೇವೆ ಮಾಡುತ್ತದೆಂದು ಸಾಹೇಬರಿಗೇ ಗೊತ್ತಿಲ್ಲ ಪಾಪ.

ಸೊಳ್ಳೆ ದೂರು ಬಂತೇ? ಗಾಂಬೂಸಿಯಾ ಮೀನು ಬಿಡಿ. ಅದು ಏರೋಪ್ಲೇನ್ ಚಿಟ್ಟೆಯ ಎಳೆ ಮರಿಗಳನ್ನೂ ನುಂಗುತ್ತದೆ.

ಆಮೇಲೆ ಫಾಗಿಂಗ್. ಹೊಗೆ ತಾಗುವುದು ಹಾರುವ ಹುಳಕ್ಕೆ, ನೀರೊಳಗಿನ ಮರಿಗಲ್ಲ. ಬೆಚ್ಚನೆ ಹವೆಯಲ್ಲಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆಗೆ ಬರಲು ಹತ್ತು ದಿನ ಸಾಕು. ಮಳೆಹೊಂಡದಲ್ಲಿ ಬಲು ಬೇಗ ಬೆಳೆಯುವ ಪಾಂಟಾಲಾಗೂ ಸುಮಾರು 40ರಿಂದ 60 ದಿನ ಬೇಕು. ಪ್ರತಿ ಹೊಗೆಗೂ ಸೊಳ್ಳೆಗೆ ಕನಿಷ್ಠ ಒಂದು ತಿಂಗಳ ಮುನ್ನಡೆ. ಹಾಗಾಗಿ ಟೆಂಡರಿನಲ್ಲಿ ಫಾಗಿಂಗನ್ನು ಒಂದು ಸಲದ ಕೆಲಸವೆಂದು ನಮೂದಿಸಬೇಡಿ, 'ವಾರ್ಷಿಕ ನಿರ್ವಹಣೆ' ಶೀರ್ಷಿಕೆಗೆ ಹಾಕಿ.