ಸತ್ಯಾಂಶ: ದುಡ್ಡು ಕಟ್ಟಿದರೆ ಜೌಗುಪ್ರದೇಶ ಮುಚ್ಚಬಹುದೇ?

ಅಮೆರಿಕದಲ್ಲಿ ತೈಲ ಕಂಪನಿಗಳು ದುಡ್ಡು ಕಟ್ಟಿ ಯಾವ ಜೌಗುಪ್ರದೇಶವನ್ನಾದರೂ ಮುಚ್ಚಬಹುದು ಎಂಬ ವಾಟ್ಸ್‌ಆ್ಯಪ್ ಸಂದೇಶ ಸರಿಯಲ್ಲ. 1972ರ ಶುದ್ಧ ಜಲ ಕಾಯ್ದೆಯ 404ನೇ ಸೆಕ್ಷನ್ ಪ್ರಕಾರ, ಅದರ ವ್ಯಾಪ್ತಿಯ ಜೌಗಿಗೆ ಮಣ್ಣು ತುಂಬಲು ಸೇನೆಯ ಎಂಜಿನಿಯರುಗಳ ದಳದ ಅನುಮತಿ ಬೇಕು. ಹಾನಿಯನ್ನು ಮೊದಲು ತಪ್ಪಿಸಬೇಕು, ತಪ್ಪಿಸಲಾಗದ್ದನ್ನು ತಗ್ಗಿಸಬೇಕು, ಆಮೇಲೂ ಉಳಿದ ಹಾನಿಗಷ್ಟೇ ಬೇರೆಡೆ ಜೌಗನ್ನು ಪುನಶ್ಚೇತನಗೊಳಿಸಿ ಪರಿಹಾರ ಒದಗಿಸಬೇಕು. ಬೇರೆಡೆ ಜೌಗನ್ನು ಪುನಶ್ಚೇತನಗೊಳಿಸಿ, ಅದರ ಲೆಕ್ಕವನ್ನು ‘ಕ್ರೆಡಿಟ್’ ಆಗಿ ಮಾರುವ ಮಿಟಿಗೇಷನ್ ಬ್ಯಾಂಕಿನಿಂದ ಅದನ್ನು ಕೊಳ್ಳುವುದು ಈ ಕೊನೆಯ ಹಂತದ ಮಾತು.

ಪೈಪ್‌ಲೈನ್ ಕೆಲಸಗಳಿಗೆಲ್ಲ ಒಟ್ಟಾಗಿ ಅನ್ವಯಿಸುವ ಸಾಮಾನ್ಯ ಪರವಾನಗಿಯಲ್ಲಿ, ಪೈಪ್ ಹೂಳಲು ಜೌಗಿನಲ್ಲಿ ತೋಡಿದ ಕಂದಕ ಮುಚ್ಚುವಾಗ ಮೇಲಿನ 6ರಿಂದ 12 ಅಂಗುಲಕ್ಕೆ ಸಾಮಾನ್ಯವಾಗಿ ಅಲ್ಲಿಂದಲೇ ತೆಗೆದ ಮೇಲ್ಮಣ್ಣನ್ನೇ ಹಾಕಬೇಕೆಂಬ ಷರತ್ತೂ ಇದೆ. ಹುಲ್ಲಿನ ಬೇರು, ಬೀಜಗಳು ಇರುವುದು ಆ ಪದರದಲ್ಲಿ.

ನಿಜವಾಗಿ ಆತಂಕಪಡಬೇಕಾದದ್ದು ಬೇರೆ: 2023ರ ಸ್ಯಾಕೆಟ್ ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ನದಿ, ಸರೋವರಗಳಂಥ ಜಲಮೂಲಗಳೊಂದಿಗೆ ನಿರಂತರ ಮೇಲ್ಮೈ ಸಂಪರ್ಕವಿಲ್ಲದ ಜೌಗುಗಳನ್ನು ಈ ಕಾಯ್ದೆಯ ರಕ್ಷಣೆಯಿಂದ ಹೊರಗಿಟ್ಟಿದೆ.