ಕಾಯ್ದೆ ಬಂತು, ಕಂತಿನಲ್ಲಿ

ಬ್ರಿಟನ್ನಿನ ಪ್ರಧಾನಿ ಕಿಯರ್ ಸ್ಟಾರ್ಮರ್ 2025ರ ಅಕ್ಟೋಬರ್‌ನಲ್ಲಿ ನಮ್ಮ ಮುಂಬೈಗೆ ಬಂದು ಹೋದರಲ್ಲ, ಆವಾಗಿನಿಂದ ನನಗೊಂದು ಹೊಟ್ಟೆಯುರಿ. ಬಂದವರು ಸಿನಿಮಾ ಸ್ಟುಡಿಯೋ ನೋಡಿದರು. ಆಧಾರ್ ಕಟ್ಟಿದ ನಂದನ್ ನಿಲೇಕಣಿಯವರನ್ನು ಕಂಡು ಅದರ ವಿಷಯ ಕೇಳಿಕೊಂಡರು. ಭಾರಿ ಯಶಸ್ಸು ಅಂತ ಹೊಗಳಿದರು. ವಿಮಾನ ಹತ್ತಿದರು. ನಮ್ಮ ಬಿಲ್ಡಿಂಗಿಗೆ ಮಾತ್ರ ಬರಲಿಲ್ಲ. ಬಂದಿದ್ದರೆ ಗೇಟಿನಲ್ಲಿ ವಾಚ್‌ಮನ್ ಅವರ ಫೋಟೋ ತೆಗೆದು, ಮೊಬೈಲ್ ನಂಬರ್ ಬರೆಸಿಕೊಂಡು, ಒಟಿಪಿ ಕೇಳಿ, 'ಕಿಸ್‌ಕೆ ಘರ್ ಜಾನಾ ಹೈ' ಅಂತ ವಿಚಾರಿಸಿಯೇ ಒಳಗೆ ಬಿಡುತ್ತಿದ್ದ. ಗುರುತು ಪರಿಶೀಲನೆ ಅಂದರೆ ಏನು ಅಂತ ಅವರಿಗೆ ನಿಲೇಕಣಿಯವರಿಗಿಂತ ಚೆನ್ನಾಗಿ ಗೊತ್ತಾಗುತ್ತಿತ್ತು.

ಪಾಪ, ಅವರ ಊರಿನ ಜನ ಇನ್ನೂ ಪಳಗಿಲ್ಲ. ಡಿಜಿಟಲ್ ಗುರುತು ಕೊಡುತ್ತೇವೆ ಅಂದದ್ದೇ ತಡ, 28 ಲಕ್ಷಕ್ಕೂ ಹೆಚ್ಚು ಜನ ಬೇಡ ಅಂತ ಅರ್ಜಿಗೆ ಸಹಿ ಹಾಕಿದರು. ಹಿಂದೊಮ್ಮೆ 2006ರಲ್ಲಿ ಗುರುತಿನ ಚೀಟಿಗೆ ಕಾಯ್ದೆ ಮಾಡಿ, 2010ರಲ್ಲಿ ಅದನ್ನು ರದ್ದು ಮಾಡಿ, ಸಂಗ್ರಹಿಸಿದ ಮಾಹಿತಿ ಇದ್ದ ಹಾರ್ಡ್‌ಡಿಸ್ಕುಗಳನ್ನು ಪುಡಿ ಮಾಡಿಸಿದ ದೇಶ ಅದು. ನಮ್ಮಲ್ಲಿ ಹಳೆಯ ರೇಷನ್ ಕಾರ್ಡನ್ನೂ ಯಾರೂ ಎಸೆಯುವುದಿಲ್ಲ. ಯಾವಾಗ ಯಾರು ಕೇಳುತ್ತಾರೋ!

ಅಲ್ಲಿನ ಹೊಸ ಡೇಟಾ ಕಾಯ್ದೆಗೆ 2025ರ ಜೂನ್ 19ರಂದು ರಾಜನ ಒಪ್ಪಿಗೆ ಬಿತ್ತು. ಅದರಲ್ಲಿ ಡಿಜಿಟಲ್ ಆಗಿ ಗುರುತು ಪರಿಶೀಲಿಸುವ ಕಂಪನಿಗಳಿಗೆಂದೇ ಒಂದು ಭಾಗ ಇದೆ. ಅದನ್ನು ಓದಿ ನಾನು ಬೆಚ್ಚಿಬಿದ್ದೆ. ನನ್ನ ಗುರುತು ಪರೀಕ್ಷೆ ಮಾಡುವ ಕಂಪನಿ ಸರ್ಕಾರಿ ಪಟ್ಟಿಗೆ ಸೇರಬೇಕಾದರೆ ಮೊದಲು ತಾನೇ ಪರೀಕ್ಷೆ ಪಾಸಾಗಬೇಕಂತೆ. ಆಮೇಲೆ ಅದಕ್ಕೊಂದು ವಿಶ್ವಾಸದ ಮುದ್ರೆಯಂತೆ. ಕೇಳುವವನನ್ನೇ 'ನೀನ್ಯಾರಪ್ಪಾ' ಅಂತ ಕೇಳುವುದೇ? ಎಂಥಾ ಅನಾಗರಿಕ ಪದ್ಧತಿ ಮಾರಾಯ್ರೇ! ನಮ್ಮಲ್ಲಿ ಹೀಗೆ ಯಾರಾದರೂ ವಾಚ್‌ಮನ್‌ಗೆ, ಲಾಡ್ಜಿನವನಿಗೆ, ಸಿಮ್ ಮಾರುವ ಹುಡುಗನಿಗೆ ಕೇಳಿದ್ದುಂಟೇ?

ಒಂದು ವಿಷಯದಲ್ಲಿ ಮಾತ್ರ ಅವರೂ ನಾವೂ ಒಂದೇ ಜಾತಿ. ಸಂಸತ್ತಿನಲ್ಲಿ ಪಾಸಾದ ಕಾಯ್ದೆ ಇಡಿಯಾಗಿ ಜಾರಿಗೆ ಬರುವುದಿಲ್ಲ. ಈ ಕಲಮು ಇಂದು, ಆ ಕಲಮು ನಾಳೆ, ಉಳಿದದ್ದು ಮಂತ್ರಿಗಳಿಗೆ ಪುರುಸೊತ್ತಾದಾಗ. ಇದರಲ್ಲಿ ಅವರು ನಮ್ಮಿಂದ ಕಲಿಯುವುದು ಬಹಳ ಇದೆ.

ಕಲಿಯಲಿಕ್ಕೆ ಇನ್ನೊಂದೂ ಇದೆ. ಮುಂಬೈ ಕನ್ನಡಿಗನ ಹೆಸರು. ಇಲ್ಲಿನ ಫಾರಂಗಳಲ್ಲಿ ಮೂರು ಖಾನೆ: ಮೊದಲು ನಿಮ್ಮ ಹೆಸರು, ನಡುವೆ ಅಪ್ಪನದ್ದು, ಕೊನೆಗೆ ಅಡ್ಡಹೆಸರು. ಮರಾಠಿಯವರಿಗೆ ಇದು ಅಂಗಿಗೆ ಗುಂಡಿ ಹಾಕಿದಷ್ಟು ಸಲೀಸು. ನಮಗೆ? ಹಾಸನದ ಕಡೆಯಿಂದ ಬಂದ ಗೆಳೆಯನೊಬ್ಬನಿಗೆ ಅಡ್ಡಹೆಸರೇ ಇಲ್ಲ, ಇರುವುದು ಎರಡು ಇನಿಶಿಯಲ್. ಒಂದು ಊರು, ಒಂದು ಅಪ್ಪ. ಪ್ಯಾನ್ ಕಾರ್ಡಿನಲ್ಲಿ ಊರು ಅಡ್ಡಹೆಸರಾಯಿತು. ಆಧಾರ್‌ನಲ್ಲಿ ಅಪ್ಪ ಅಡ್ಡಹೆಸರಾದರು. ಎರಡನ್ನೂ ಜೋಡಿಸಿ ಅಂತ ಸರ್ಕಾರ ಹೇಳಿದಾಗ ಕಂಪ್ಯೂಟರ್ ಒಪ್ಪಲಿಲ್ಲ, ಇವರಿಬ್ಬರೂ ಬೇರೆ ಬೇರೆ ಮನುಷ್ಯರು ಅಂದಿತು. ಗೆಳೆಯ ಒಂದು ಕ್ಷಣ ತಾನೂ ನಂಬಿದ.

ಇನ್ನು ನಮ್ಮ ಬಂಟರ ಹಳೇ ಮನೆಗಳನ್ನು ತೆಗೆದುಕೊಳ್ಳಿ. ಅಳಿಯಕಟ್ಟು, ಅಂದರೆ ತಾಯಿಯ ಕಡೆಯಿಂದ ಮನೆತನ ಎಣಿಸುವ ಪದ್ಧತಿ. ಅಪ್ಪ ಹೆಗ್ಡೆ, ಅಮ್ಮ ಶೆಟ್ಟಿ, ಮಗ ಶೆಟ್ಟಿ. ಅಪ್ಪನ ಅಡ್ಡಹೆಸರು ನಿಮಗೇಕೆ ಇಲ್ಲ ಅಂತ ಕೌಂಟರಿನ ಹುಡುಗಿ ಕೇಳುತ್ತಾಳೆ. ಶೆಟ್ರು ಈ ಕಟ್ಟಳೆ ತಂದನೆಂದು ಹೇಳುವ ರಾಜ ಭೂತಾಳಪಾಂಡ್ಯನಿಂದ ಕಥೆ ಶುರು ಮಾಡುತ್ತಾರೆ. ಹಿಂದೆ ಲೈನು ಬಾಗಿಲಾಚೆ ಬೆಳೆಯುತ್ತದೆ. ಕೊನೆಗೆ ಅವಳು, 'ಅಂಕಲ್, ಅಫಿಡವಿಟ್ ಆಣಾ' ಅಂತಾಳೆ. ಶತಮಾನಗಳ ಕಟ್ಟಳೆಗೆ ಇಲ್ಲಿನ ಬೆಲೆ ಒಂದು ಸ್ಟಾಂಪ್ ಪೇಪರು, ಮೇಲೊಂದು ನೋಟರಿ ಸೀಲು.

ಮಹಾರಾಷ್ಟ್ರದ 'ಲಾಡ್ಕಿ ಬಹೀಣ್' ಯೋಜನೆ ನಿಮಗೆಲ್ಲ ಗೊತ್ತೇ ಇದೆ. ಹೆಣ್ಣುಮಕ್ಕಳಿಗೆ ತಿಂಗಳಿಗೆ 1500 ರೂಪಾಯಿ. 2024ರ ವಿಧಾನಸಭಾ ಚುನಾವಣೆಗೆ ಮುಂಚೆ ಎಲ್ಲರೂ ಮುದ್ದಿನ ತಂಗಿಯರು. ಗೆದ್ದ ಮೇಲೆ ಅಣ್ಣಂದಿರಿಗೆ ಅನುಮಾನ ಶುರುವಾಯಿತು: ನೀನು ನಿಜವಾಗಲೂ ನನ್ನ ತಂಗಿಯೇನಮ್ಮಾ? ಪರಿಶೀಲಿಸಿ ನೋಡಿದರೆ ಸಾವಿರಾರು ತಂಗಿಯರಿಗೆ ಮೀಸೆ ಇತ್ತು. ಸರಿ, 2025ರ ಸೆಪ್ಟೆಂಬರ್‌ನಲ್ಲಿ ಇ-ಕೆವೈಸಿ ಕಡ್ಡಾಯವಾಯಿತು. ತಂಗಿಯ ಆಧಾರ್ ಒಂದೇ ಸಾಲದು, ಗಂಡನದ್ದೋ ಅಪ್ಪನದ್ದೋ ಬೇಕು, ಅವರ ಮೊಬೈಲಿಗೂ ಒಟಿಪಿ ಬರಬೇಕು. ಗಂಡ ಬಿಟ್ಟುಹೋದವಳು ಒಟಿಪಿಗಾಗಿ ಗಂಡನನ್ನು ಹುಡುಕಿಕೊಂಡು ಹೋಗಬೇಕಾದ ಕಾಲ ಬಂತು. ವಿಧವೆಯರ ಗತಿ ಏನು ಅಂತ ಯಾರೋ ಕೇಳಿದ ಮೇಲೆ ಇವರಿಗೆ ನೆನಪಾಯಿತು, ಹೌದಲ್ಲ, ದೇಶದಲ್ಲಿ ವಿಧವೆಯರೂ ಇದ್ದಾರೆ! ಕೊನೇ ದಿನ ಮುಂದೆ ಹೋಯಿತು.

ಜೆರಾಕ್ಸಿನ ವಿಷಯ ಬಿಟ್ಟರೆ ಈ ಲೇಖನ ಪೂರ್ತಿ ಆಗುವುದಿಲ್ಲ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ ಒಂದು ಎಚ್ಚರಿಕೆ ಕೊಟ್ಟಿತು: ಆಧಾರ್ ಜೆರಾಕ್ಸನ್ನು ಯಾರಿಗೂ ಕೊಡಬೇಡಿ, ದುರುಪಯೋಗ ಆಗಬಹುದು. ಪಾಪ, ಯಾರೋ ಬುದ್ಧಿವಂತರು ಬರೆದಿರಬೇಕು. ಎರಡೇ ದಿನಕ್ಕೆ ದಿಲ್ಲಿಯಿಂದ ಅದನ್ನು ವಾಪಸ್ ತೆಗೆದುಕೊಂಡರು, ಜನ ತಪ್ಪು ತಿಳಿದುಕೊಂಡಾರು ಅಂತ. ಮೂರು ವರ್ಷ ದಾಟಿ, 2025ರ ಡಿಸೆಂಬರ್‌ನಲ್ಲಿ ಅದೇ ಪ್ರಾಧಿಕಾರ, ಹೋಟೆಲಿನವರು ಇನ್ನು ಜೆರಾಕ್ಸ್ ಇಟ್ಟುಕೊಳ್ಳಬಾರದೆಂದು ನಿಯಮ ತರುತ್ತೇವೆ ಅಂದಿತು. ಆ ಎರಡು ದಿನ ಮಾತ್ರ ದೇಶ ಕಾಲಕ್ಕಿಂತ ಮುಂದಿತ್ತು.

ಅಂದಹಾಗೆ, ಇಷ್ಟೆಲ್ಲ ಮಾಡಿದ ಆಧಾರ್ ಪೌರತ್ವಕ್ಕೆ ಪುರಾವೆ ಅಲ್ಲ. ಹುಟ್ಟಿದ ದಿನಕ್ಕೂ ಅಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದರೆ ಅದಿಲ್ಲದೆ ಆನ್‌ಲೈನಿನಲ್ಲಿ ತತ್ಕಾಲ್ ಟಿಕೆಟ್ ಸಿಗುವುದಿಲ್ಲ. ಊರಿನ ತೇರಿಗೆ ಮುಂಬೈಯಿಂದ ಕರಾವಳಿಗೆ ಹೋಗಬೇಕಾದವರಿಗೆ ಪೌರತ್ವಕ್ಕಿಂತ ತತ್ಕಾಲ್ ದೊಡ್ಡದು ಬಿಡಿ.

ಈಗ ನಮ್ಮ ಕಂತಿನ ಕಥೆಗೆ ಬರೋಣ. ನಮ್ಮ ಮಾಹಿತಿಯನ್ನು ಕಾಪಾಡಲಿಕ್ಕೆ ನಮ್ಮಲ್ಲೂ ಒಂದು ಕಾಯ್ದೆ ಇದೆ, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅಂತ. 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಆಮೇಲೆ ಎರಡು ವರ್ಷಕ್ಕೂ ಹೆಚ್ಚು ಕಾಲ ಅದು ಕಪಾಟಿನಲ್ಲಿ ಮಲಗಿತ್ತು. 2025ರ ನವೆಂಬರ್‌ನಲ್ಲಿ ನಿಯಮಗಳು ಬಂದವು. ಜಾರಿ ಮೂರು ಕಂತಿನಲ್ಲಿ. ಎರಡನೇ ಕಂತು ವರ್ಷದ ಮೇಲೆ, ಒಪ್ಪಿಗೆ ನೋಡಿಕೊಳ್ಳುವ ಮ್ಯಾನೇಜರುಗಳದ್ದು. ನನ್ನ ಒಪ್ಪಿಗೆಗೂ ಒಬ್ಬ ಮ್ಯಾನೇಜರ್! ಕನಿಷ್ಠ 2 ಕೋಟಿ ರೂಪಾಯಿ ನಿವ್ವಳ ಆಸ್ತಿಯ ಕಂಪನಿ ಆಗಿರಬೇಕಂತೆ. ನನಗಿಂತ ನನ್ನ ಒಪ್ಪಿಗೆಗೇ ಸ್ಥಿತಿವಂತಿಕೆ ಜಾಸ್ತಿ. ಮೂರನೆಯ ಕಂತು ಹದಿನೆಂಟು ತಿಂಗಳ ಮೇಲೆ, ಅಂದರೆ 2027ರ ಮೇ ತಿಂಗಳಿಗೆ. ನನ್ನ ಮಾಹಿತಿ ಯಾಕೆ ಬೇಕು ಅಂತ ಕಂಪನಿ ಹೇಳಬೇಕು, ಕೆಲಸ ಮುಗಿದ ಮೇಲೆ ಅಳಿಸಬೇಕು, ಸೋರಿದರೆ ನನಗೆ ತಿಳಿಸಬೇಕು, ತಪ್ಪಿದರೆ 250 ಕೋಟಿವರೆಗೆ ದಂಡ. ನಮಗೆ ಬೇಕಾದ್ದೆಲ್ಲ ಇರುವುದು ಈ ಕೊನೇ ಕಂತಿನಲ್ಲಿ.

ಹಾಗಾದರೆ ಮೊದಲ ಕಂತಿನಲ್ಲಿ, ನಿಯಮ ಬಂದಾಗಲೇ, ಏನು ಜಾರಿಗೆ ಬಂತು? ಈ ಕಾಯ್ದೆ ನೋಡಿಕೊಳ್ಳುವ ಮಂಡಳಿ ರಚಿಸುವ ಕಲಮು. ಜೊತೆಗೆ 44ನೇ ಕಲಮಿನ ಮೂರನೇ ಉಪಕಲಮು. ಅದು ಮಾಹಿತಿ ಹಕ್ಕು ಕಾಯ್ದೆಗೆ ಮಾಡಿದ ತಿದ್ದುಪಡಿ. ಇಷ್ಟು ದಿನ ವೈಯಕ್ತಿಕ ಮಾಹಿತಿ ಆದರೂ, ಸಾರ್ವಜನಿಕ ಹಿತ ಇದೆ ಅಂದರೆ ಕೊಡಿ ಎನ್ನುವ ಮಾತು ಆ ಕಲಮಿನಲ್ಲೇ ಇತ್ತು. ಅದನ್ನು ತೆಗೆದರು. ಈಗ ವೈಯಕ್ತಿಕ ಅಂದರೆ ಸಾಕು, ಬಾಗಿಲು ಮುಚ್ಚಬಹುದು. ಬೇರೆ ಕಲಮಿನಡಿ ಕೇಳಿ ಅನ್ನುತ್ತಾರೆ. ಕೇಳಿ ನೋಡಿ.

ಇಲ್ಲಿ ನನಗೆ ತಮಾಷೆ ಹೊಳೆಯುತ್ತಿಲ್ಲ. ನಮ್ಮ ಹೆಬ್ಬೆಟ್ಟು, ಕಣ್ಣು, ಮುಖ, ಗಂಡನ ಮೊಬೈಲು ಎಲ್ಲ ಇಂದೇ ಬೇಕು. ರೇಷನ್ ಅಂಗಡಿಯಲ್ಲಿ, ಪಾತ್ರೆ ತೊಳೆದು ರೇಖೆ ಸವೆದ ಬೆರಳು ಹತ್ತಿಲ್ಲ ಅಂದರೆ ಅಕ್ಕಿ ಇಂದೇ ಇಲ್ಲ. ಸರ್ಕಾರದವರ ಕಡತ ಇಂದೇ ಮುಚ್ಚಬೇಕು. ನಮ್ಮ ರಕ್ಷಣೆಗೆ ಮಾತ್ರ ಹದಿನೆಂಟು ತಿಂಗಳು, ಕಂಪನಿಗಳಿಗೆ ತಯಾರಾಗಲಿಕ್ಕೆ ಟೈಮ್ ಬೇಕಲ್ಲ! ಈ ದೇಶದಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು 2017ರ ಆಗಸ್ಟ್ 24ರಂದು. ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. 2012ರಲ್ಲಿ ಹಾಕಿದಾಗ ಅವರಿಗೆ 86 ವರ್ಷ. 2024ರ ಅಕ್ಟೋಬರ್‌ನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಕಣ್ಣು ಮುಚ್ಚುವಾಗ ಕಾಯ್ದೆ ಪಾಸಾಗಿತ್ತು. ಅದರ ಒಂದು ಸಾಲೂ ಜಾರಿಯಾಗಿರಲಿಲ್ಲ.

ಸ್ಟಾರ್ಮರ್ ಸಾಹೇಬರಿಗೆ ಇದನ್ನು ಯಾರಾದರೂ ಹೇಳಿದರೋ ಇಲ್ಲವೋ.

ಇರಲಿ. ನಮ್ಮ ಸೊಸೈಟಿಯಲ್ಲಿ ಹೊಸ ನೋಟಿಸ್ ಅಂಟಿಸಿದ್ದಾರೆ. ಬಾಡಿಗೆದಾರರು, ಮನೆಗೆಲಸದವರು, ಡ್ರೈವರು, ಹಾಲಿನವನು, ಎಲ್ಲರ ಆಧಾರ್ ಜೆರಾಕ್ಸ್ ಎರಡೆರಡು ಪ್ರತಿ ಆಫೀಸಿಗೆ ಕೊಡತಕ್ಕದ್ದು. ಎರಡು ಪ್ರತಿ ಯಾಕೆ ಕಾಕಾ ಅಂತ ಸೆಕ್ರೆಟರಿಯನ್ನು ಕೇಳಿದೆ. 'ಒಂದು ಕಳೆದುಹೋಗ್ತದಲ್ಲ' ಅಂದರು.