ಪಿಸಿ ಕಟ್ಟೋದಾ, ಕೊಳ್ಳೋದಾ? ಮೊದಲು ಆ ಪೆಟ್ಟಿಗೆ ಬಿಚ್ಚಲು ಬರುತ್ತದಾ ನೋಡಿ

ಗೇಮಿಂಗ್ ಪಿಸಿ ತೆಗೆದುಕೊಳ್ಳಲು ಹೊರಟವರು ಮೊದಲು ಎತ್ತುವುದು ದುಡ್ಡಿನ ಮಾತು. "ಬಿಡಿಭಾಗ ತಂದು ನಾವೇ ಜೋಡಿಸಿದ್ರೆ ಎಷ್ಟು ಉಳಿಯುತ್ತೆ? ಏನೂ ಉಳಿಯಲ್ಲ ಅಂದ್ರೆ ರೆಡಿಮೇಡೇ ತಂದುಬಿಡ್ತೀನಿ." ಹಾಗೆ ಕೇಳುವುದು ಸಹಜ. ಆದರೆ ಬರೀ ಈ ಲೆಕ್ಕ ಹಿಡಿದು ಹೊರಟವರು ಮೂರು ವರ್ಷ ಕಳೆಯುವಷ್ಟರಲ್ಲಿ ಪರದಾಡುವುದನ್ನು ನೋಡುತ್ತಲೇ ಇದ್ದೇನೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ, ಸಮಾಧಾನದಿಂದ ಓದಿ.

ಉಳಿತಾಯದ ಲೆಕ್ಕ ಒಂದು ವರ್ಷ ಇದ್ದ ಹಾಗೆ ಮತ್ತೊಂದು ವರ್ಷ ಇರುವುದಿಲ್ಲ. 2020ರ ಕೊನೆಯಿಂದ 2022ರವರೆಗಿನ ಕಾಲ ನೆನಪಿಸಿಕೊಳ್ಳಿ. ಕೊರೊನಾ, ಚಿಪ್ ಕೊರತೆ, ಎಥೀರಿಯಂ ಮೈನಿಂಗ್ (ಗ್ರಾಫಿಕ್ಸ್ ಕಾರ್ಡುಗಳಿಂದ ಲೆಕ್ಕ ಮಾಡಿಸಿ ಡಿಜಿಟಲ್ ನಾಣ್ಯ ಗಳಿಸುವುದು) ಮೂರೂ ಒಟ್ಟಿಗೆ ಬಂದು, ಗೇಮಿನ ಚಿತ್ರ ಮೂಡಿಸುವ ಬಿಡಿ ಗ್ರಾಫಿಕ್ಸ್ ಕಾರ್ಡ್ ಸಿಗುವುದೇ ದುಸ್ತರವಾಗಿತ್ತು. ಸಿಕ್ಕರೂ ಮರುಮಾರಾಟದವರ ಕೈಯಲ್ಲಿ ದುಪ್ಪಟ್ಟು ಬೆಲೆಗೆ. ದೊಡ್ಡ ಕಂಪನಿಗಳು ಸಗಟಿನಲ್ಲಿ ಕಾರ್ಡ್ ಖರೀದಿಸುತ್ತಿದ್ದರಿಂದ, ಆಗ ಎಷ್ಟೋ ಜನ ಒಳಗಿನ ಒಂದು ಕಾರ್ಡಿಗಾಗಿಯೇ ಇಡೀ ರೆಡಿಮೇಡ್ ಪಿಸಿ ಕೊಂಡರು. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ಮೈನಿಂಗ್ ಪದ್ಧತಿಯನ್ನೇ ಕೈಬಿಟ್ಟಿತು. ಆಮೇಲೆ ಲೆಕ್ಕ ಮತ್ತೆ ಕಟ್ಟುವವರ ಕಡೆ ವಾಲಿತು. 2025ರ ಕೊನೆಗೆ ರ್‍ಯಾಮ್ ಸರದಿ. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿದ ಮೇಲೆ ಬಿಡಿ ರ್‍ಯಾಮ್ ಬೆಲೆ ಕೈಗೆಟುಕದಷ್ಟು ಏರಿತು. ಮೆಮೊರಿ ಚಿಪ್ ತಯಾರಿಸುವ ಮೈಕ್ರಾನ್ ಕಂಪನಿಯಂತೂ ತನ್ನ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯವಹಾರದಿಂದಲೇ ಹಿಂದೆ ಸರಿಯುವುದಾಗಿ ಆ ಡಿಸೆಂಬರಿನಲ್ಲಿ ಪ್ರಕಟಿಸಿತು. ಹಾಗಾಗಿ "ಕಟ್ಟಿದರೆ ಯಾವಾಗಲೂ ಅಗ್ಗ" ಎಂಬ ಮಾತನ್ನು ಕುರುಡಾಗಿ ನಂಬಬೇಡಿ. ನೀವು ಕೊಳ್ಳುವ ವಾರದ ಬೆಲೆ ನೋಡಿ ಕೂಡಿಸಿ ಕಳೆಯಿರಿ, ಅಷ್ಟೇ.

ನಾನು ಕೇಳಿಕೊಳ್ಳಿ ಅನ್ನುವ ಪ್ರಶ್ನೆ ಬೇರೆ. ವಾರಂಟಿ ಮುಗಿದ ಮೇಲೆ ಒಳಗಿನ ಒಂದು ಭಾಗ ಕೈಕೊಟ್ಟರೆ, ಅದೊಂದನ್ನೇ ತೆಗೆದು ಯಾವ ಕಂಪನಿಯದನ್ನಾದರೂ ತಂದು ಹಾಕಲು ಬರುತ್ತದೆಯೇ?

ಇದು ಬರುತ್ತದೆ ಎಂದಾದರೆ ಅದಕ್ಕೊಂದು ಇತಿಹಾಸವಿದೆ. ಐಬಿಎಂ 1981ರಲ್ಲಿ ತನ್ನ ಮೊದಲ ಪಿಸಿ ತಂದಾಗ ಹೊರಗಿನವರ ಭಾಗಗಳನ್ನೇ ಬಳಸಿತು, ಜೊತೆಗೆ ಸರ್ಕ್ಯೂಟ್ ನಕ್ಷೆಗಳನ್ನೂ ಬಯೋಸ್ (ಆನ್ ಮಾಡಿದಾಗ ಪಿಸಿಯನ್ನು ಎಬ್ಬಿಸುವ ಮೂಲ ತಂತ್ರಾಂಶ) ಕೋಡನ್ನೂ ಕೈಪಿಡಿಯಲ್ಲಿ ಅಚ್ಚುಹಾಕಿಸಿತು. ಕಾನೂನಿನ ಪ್ರಕಾರ ಬಯೋಸ್ ನಕಲು ಮಾಡುವಂತಿರಲಿಲ್ಲ. ಕಾಂಪ್ಯಾಕ್ ಕಂಪನಿ ಅದನ್ನು ನಕಲು ಮಾಡದೆ ತಾನೇ ಹೊಸದಾಗಿ ಬರೆಸಿತು. ಆ ಬಾಗಿಲು ತೆರೆದ ಮೇಲೆ ಯಾರು ಬೇಕಾದರೂ ಪಿಸಿ ಮಾಡಬಹುದಾಯಿತು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಅಳತೆ ತಂದಿತು. ಮದರ್‌ಬೋರ್ಡ್ (ಎಲ್ಲ ಭಾಗಗಳೂ ಸೇರುವ ಮುಖ್ಯ ಹಲಗೆ) 305 × 244 ಮಿ.ಮೀ., ಸ್ಕ್ರೂ ತೂತು ಎಲ್ಲೆಲ್ಲಿ, ಪವರ್ ಸಪ್ಲೈ ಯಾವ ಆಕಾರ ಎಲ್ಲವೂ ಅದರಲ್ಲಿ ಬರೆದಿದೆ. ಪವರ್ ಕನೆಕ್ಟರ್ 20 ಪಿನ್ನಿನಿಂದ 24 ಪಿನ್ನಿಗೆ ಬೆಳೆದಿರಬಹುದು, ಆದರೆ ಆ ತೂತುಗಳ ಜಾಗ ಇವತ್ತಿಗೂ ಅದೇ. ಮೂವತ್ತು ವರ್ಷ ಪರಸ್ಪರ ಪೈಪೋಟಿಯ ಕಂಪನಿಗಳೆಲ್ಲ ಒಂದೇ ಅಳತೆಗೆ ಬದ್ಧವಾಗಿ ನಡೆದದ್ದು ನಮ್ಮಂಥ ಬಳಕೆದಾರರಿಗೆ ಸಿಕ್ಕ ದೊಡ್ಡ ಹಕ್ಕು. ಅದನ್ನು ಸುಮ್ಮನೆ ಬಿಟ್ಟುಕೊಡಬಾರದು.

ಕೆಲವು ದೊಡ್ಡ ಬ್ರ್ಯಾಂಡುಗಳ ರೆಡಿಮೇಡ್ ಪಿಸಿಗಳಲ್ಲಿ ಈ ಹಕ್ಕು ಸದ್ದಿಲ್ಲದೆ ಕೈತಪ್ಪುತ್ತದೆ. ಮದರ್‌ಬೋರ್ಡಿಗೆ ಅವರದ್ದೇ ಆಕಾರ, ಪವರ್ ಸಪ್ಲೈಗೆ ಅವರದ್ದೇ ಕನೆಕ್ಟರ್, ಮುಂದಿನ ಪವರ್ ಬಟನ್ನಿಗೂ ಅವರದ್ದೇ ತಂತಿ. ನನ್ನ ಸ್ನೇಹಿತರೊಬ್ಬರ ಪಿಸಿಯಲ್ಲಿ ಹೀಗೇ ಆಯಿತು. ಸತ್ತದ್ದು ಪವರ್ ಸಪ್ಲೈ ಒಂದೇ. ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್, ರ್‍ಯಾಮ್ ಎಲ್ಲ ಚೆನ್ನಾಗಿಯೇ ಇದ್ದವು. ಆದರೆ ಮಾರುಕಟ್ಟೆಯ ಯಾವ ಪವರ್ ಸಪ್ಲೈಯೂ ಆ ಜಾಗಕ್ಕೆ ಕೂರಲಿಲ್ಲ, ಆ ಬೋರ್ಡಿಗೆ ಸೇರಲಿಲ್ಲ. ಕಂಪನಿ ಆ ಮಾದರಿಯ ಬಿಡಿಭಾಗ ಕೊಡುವುದನ್ನು ನಿಲ್ಲಿಸಿತ್ತು. ಹೊಸ ಬೋರ್ಡ್ ಹಾಕೋಣವೆಂದರೆ ಕ್ಯಾಬಿನೆಟ್ಟಿನ ತೂತುಗಳು ಹೊಂದುವುದಿಲ್ಲ. ಒಂದು ಭಾಗ ಕೆಟ್ಟದ್ದಕ್ಕೆ ಮೂರು ಬದಲಾಯಿಸುವಂತಾಯಿತು. ಆ ಪಿಸಿ ಕೊಳ್ಳುವಾಗ ಅವರಿಗೆ ಇದನ್ನು ಹೇಳಿದವರು ಯಾರೂ ಇರಲಿಲ್ಲ.

ಜಾಹೀರಾತಿನಲ್ಲಿ ಯಾವುದನ್ನು ದೊಡ್ಡ ಅಕ್ಷರದಲ್ಲಿ ಹಾಕುತ್ತಾರೆ ಗಮನಿಸಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್. ಅವೆರಡರ ಹೆಸರು ಪೂರ್ತಿ ಇರುತ್ತದೆ. ಉಳಿದದ್ದಕ್ಕೆಲ್ಲ ಬರೀ ಅಂಕಿ: "16 ಜಿಬಿ ರ್‍ಯಾಮ್", "1 ಟಿಬಿ ಎಸ್‌ಎಸ್‌ಡಿ", "600 ವ್ಯಾಟ್". ಹೆಸರು ಬರೆಯದ ಕಡೆಯೇ ಸಾಮಾನ್ಯವಾಗಿ ಖರ್ಚು ಉಳಿಸಿರುತ್ತಾರೆ.

ರ್‍ಯಾಮನ್ನೇ ತೆಗೆದುಕೊಳ್ಳಿ. 16 ಜಿಬಿಯನ್ನು 8ರ ಎರಡು ಕಡ್ಡಿಗಳಾಗಿ ಹಾಕಿದರೆ ಎರಡು ಚಾನೆಲ್, ಅಂದರೆ ಡೇಟಾ ಸಾಗುವ ಎರಡು ದಾರಿ, ಒಟ್ಟಿಗೆ ಕೆಲಸ ಮಾಡುತ್ತವೆ. ಒಂದೇ ಕಡ್ಡಿ ಹಾಕಿದರೆ ಬ್ಯಾಂಡ್‌ವಿಡ್ತ್ ಅರ್ಧಕ್ಕೆ ಇಳಿಯುತ್ತದೆ. ಗೇಮಿನಲ್ಲಿ ಸರಾಸರಿ ಎಫ್‌ಪಿಎಸ್‌ಗಿಂತ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಹೆಚ್ಚಾಗಿ ಆ ನಡುನಡುವಿನ ಎಳೆತ, ಮುಗ್ಗರಿಕೆ ಇದರಿಂದ ಬರುತ್ತದೆ. ಇನ್ನೊಂದು, ಡಿಡಿಆರ್5 ಎಂಬ ಹೊಸ ಪೀಳಿಗೆಯ ಮೆಮೊರಿ ಕಿಟ್ ಮೇಲೆ 6000 ಎಂದು ಬರೆದಿದ್ದರೂ ಬಯೋಸಿನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ವೇಗದ ಆಯ್ಕೆ ಆನ್ ಮಾಡದಿದ್ದರೆ ಅದು 4800ರಂಥ ಮೂಲ ವೇಗದಲ್ಲೇ ಓಡುತ್ತಿರುತ್ತದೆ. ಜೋಡಿಸಿ ಕೊಡುವವರು ಇದನ್ನು ಮರೆಯುವುದು ತೀರಾ ಮಾಮೂಲು. ಕೆಲವು ಬ್ರ್ಯಾಂಡ್ ಪಿಸಿಗಳ ಬಯೋಸಿನಲ್ಲಿ ಆ ಆಯ್ಕೆಯೇ ಇರುವುದಿಲ್ಲ. ನಿಮ್ಮ ಹತ್ತಿರ ಈಗಾಗಲೇ ಪಿಸಿ ಇದ್ದರೆ ಇವತ್ತೇ ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ವಿಭಾಗದಲ್ಲಿ ವೇಗ ಎಷ್ಟು ತೋರಿಸುತ್ತಿದೆ ನೋಡಿ.

ಪವರ್ ಸಪ್ಲೈ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ಇಡೀ ಪಿಸಿಯಲ್ಲಿ ಅತಿ ಕಡಿಮೆ ಗಮನ ಸಿಗುವುದು ಇದಕ್ಕೇ. 80 ಪ್ಲಸ್ ಬ್ರಾಂಜ್, ಗೋಲ್ಡ್ ಎಂಬ ಚೀಟಿ ನೋಡಿ ಗುಣಮಟ್ಟ ಅಂದುಕೊಳ್ಳುತ್ತೇವೆ. 2004ರಲ್ಲಿ ಶುರುವಾದ ಆ ಪ್ರಮಾಣಪತ್ರ ಹೇಳುವುದು ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಭಾಗ ಉಪಯೋಗಕ್ಕೆ ಬಂತು, ಎಷ್ಟು ಶಾಖವಾಗಿ ಹೋಯಿತು ಎಂಬುದನ್ನು. 115 ವೋಲ್ಟಿನ ಪರೀಕ್ಷೆಯಲ್ಲಿ ಅರ್ಧ ಲೋಡಿಗೆ ಬ್ರಾಂಜ್ ಅಂದರೆ 85%, ಗೋಲ್ಡ್ ಅಂದರೆ 90%. ಶಾರ್ಟ್ ಸರ್ಕ್ಯೂಟ್ ಆದಾಗ ಅದು ನಿಮ್ಮ ಕಾರ್ಡನ್ನು ಉಳಿಸುತ್ತದೆಯೇ, ವೋಲ್ಟೇಜ್ ಅಲುಗಾಡದೆ ನಿಲ್ಲುತ್ತದೆಯೇ ಎಂಬುದನ್ನು ಆ ಚೀಟಿ ಹೇಳುವುದಿಲ್ಲ. ಅದಕ್ಕೆ ಮಾಡೆಲ್ ಹೆಸರು ಹಿಡಿದು, ಬಿಚ್ಚಿ ಪರೀಕ್ಷಿಸಿದ ವಿಮರ್ಶೆ ಓದಬೇಕು. ಕಂಪನಿ ಎಷ್ಟು ವರ್ಷ ವಾರಂಟಿ ಕೊಟ್ಟಿದೆ ಎಂಬುದೂ ಒಳ್ಳೆಯ ಸೂಚನೆ. ಒಳ್ಳೆಯ ಪವರ್ ಸಪ್ಲೈಗಳಿಗೆ 7 ವರ್ಷ, 10 ವರ್ಷ ಇರುವುದುಂಟು. ಮಾಡೆಲ್ ಹೆಸರನ್ನೇ ಹೇಳದ ಮಾರಾಟಗಾರರಿಂದ ಪಿಸಿ ಕೊಳ್ಳಬೇಡಿ. ಇದರಲ್ಲಿ ನನ್ನದು ರಾಜಿಯಿಲ್ಲದ ಮಾತು.

ಅಪ್‌ಗ್ರೇಡ್ ವಿಷಯಕ್ಕೆ ಬಂದರೂ ಯಾವ ಕಂಪನಿಯ ಭಾಗವನ್ನಾದರೂ ಹಾಕಬಹುದಾದ ಪೆಟ್ಟಿಗೆಯೇ ಗೆಲ್ಲುತ್ತದೆ. 2017ರಲ್ಲಿ ಎಎಂಡಿಯ ಮೊದಲ ರೈಜನ್ ಪ್ರೊಸೆಸರ್ ಜೊತೆ ಎಎಂ4 ಸಾಕೆಟ್ಟಿನ (ಪ್ರೊಸೆಸರ್ ಕೂರುವ ಜಾಗ) ಬೋರ್ಡ್ ಕೊಂಡ ಎಷ್ಟೋ ಮಂದಿ, ಬಯೋಸ್ ಅಪ್‌ಡೇಟ್ ಮಾಡಿ ಅದೇ ಬೋರ್ಡಿಗೆ 2022ರಲ್ಲಿ ಬಂದ ರೈಜನ್ 7 5800ಎಕ್ಸ್3ಡಿ ಹಾಕಿಕೊಂಡರು. ಐದು ವರ್ಷದ ಹಳೆಯ ಪಿಸಿ ಒಂದು ಚಿಪ್ಪಿನಿಂದ ಹೊಸದಾಯಿತು. ಅದೇ 2017ರಲ್ಲಿ ಇಂಟೆಲ್‌ನ 8ನೇ ತಲೆಮಾರು ಬಂದಾಗ ಸಾಕೆಟ್ ಹೆಸರು ಎಲ್‌ಜಿಎ 1151 ಎಂದೇ ಇದ್ದರೂ ಹಳೆಯ ಬೋರ್ಡ್ ನಡೆಯಲಿಲ್ಲ, ಹೊಸ ಚಿಪ್‌ಸೆಟ್ ಇರುವ ಬೋರ್ಡೇ ಬೇಕಾಯಿತು. ಹಾಗಾಗಿ ಮದರ್‌ಬೋರ್ಡ್ ಆರಿಸುವಾಗ ಈ ಸಾಕೆಟ್ಟಿಗೆ ಮುಂದೆ ಏನು ಬರಲಿದೆ ಎಂಬುದನ್ನೂ ನೋಡಿ. ಬ್ರ್ಯಾಂಡ್ ಪಿಸಿಯಲ್ಲಿ ಸಾಕೆಟ್ ಹೊಂದಿದರೂ ಆ ಕಂಪನಿ ಬಯೋಸ್ ಅಪ್‌ಡೇಟ್ ಕೊಟ್ಟರಷ್ಟೇ ಹೊಸ ಚಿಪ್ ಎದ್ದೇಳುತ್ತದೆ.

ಲ್ಯಾಪ್‌ಟಾಪ್ ಕೇಳುವವರಿಗೆ ಒಂದೇ ಮಾತು: ಹೆಸರು ಒಂದೇ ಎಂದು ಕಾರ್ಡ್ ಒಂದೇ ಅಲ್ಲ. ಡೆಸ್ಕ್‌ಟಾಪಿನ ಆರ್‌ಟಿಎಕ್ಸ್ 4090ರಲ್ಲಿ 24 ಜಿಬಿ ಮೆಮೊರಿ, ಲ್ಯಾಪ್‌ಟಾಪಿನ 4090ರಲ್ಲಿ 16 ಜಿಬಿ, ಒಳಗಿನ ಚಿಪ್ಪೇ ಬೇರೆ. ಊರೂರು ತಿರುಗುವ ಕೆಲಸವಿದ್ದರೆ ಲ್ಯಾಪ್‌ಟಾಪ್ ಸರಿ, ಇಲ್ಲದಿದ್ದರೆ ಬೇಡ.

ಇನ್ನು ಕಟ್ಟುವ ಭಯ. "ಒಂದು ಪಿನ್ ಬಾಗಿದ್ರೆ ಗತಿಯೇನು?" ಎಂದು ಕೇಳುತ್ತಾರೆ. ಕೈ ನಿಧಾನವಿದ್ದರೆ ಸಾಕು. ಪ್ರೊಸೆಸರ್ ಮೂಲೆಯ ತ್ರಿಕೋನ ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಇಟ್ಟರೆ ಅದೇ ಕೂರುತ್ತದೆ, ಒತ್ತುವಂತಿಲ್ಲ. ಎರಡು ರ್‍ಯಾಮ್ ಕಡ್ಡಿಗಳಿದ್ದು ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೆಯದು, ನಾಲ್ಕನೆಯದು. ಮಾನಿಟರ್ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡಿಗೇ ಚುಚ್ಚಬೇಕು, ಮದರ್‌ಬೋರ್ಡಿಗಲ್ಲ. ಹೆಚ್ಚಿನ ತಂತಿಗಳು ತಪ್ಪು ಜಾಗಕ್ಕೆ ಹೋಗದ ಹಾಗೆಯೇ ಮಾಡಿರುತ್ತಾರೆ.

ಆದರೆ ಎರಡು ಕಡೆ ನಿಜವಾದ ಅಪಾಯವಿದೆ, ಇವನ್ನು ಗಟ್ಟಿಯಾಗಿ ನೆನಪಿಡಿ. ಮಾಡ್ಯುಲರ್ (ಕೇಬಲ್ ಬಿಚ್ಚಿ ತೆಗೆಯಬಹುದಾದ) ಪವರ್ ಸಪ್ಲೈಯ ಕೇಬಲ್‌ಗಳನ್ನು ಇನ್ನೊಂದು ಪವರ್ ಸಪ್ಲೈಗೆ ಎಂದೂ ಬಳಸಬೇಡಿ. ಪವರ್ ಸಪ್ಲೈ ಕಡೆಯ ತುದಿಯಲ್ಲಿ ಯಾವ ಪಿನ್ನಿಗೆ ಯಾವ ವೋಲ್ಟೇಜ್ ಎಂಬುದಕ್ಕೆ ಸಾಮಾನ್ಯ ನಿಯಮವಿಲ್ಲ. ನೋಡಲು ಒಂದೇ ಥರ ಇದ್ದು, ಸರಿಯಾಗಿ ಕೂತು, ಆನ್ ಮಾಡಿದ ಕ್ಷಣ ಡ್ರೈವುಗಳನ್ನು ಸುಟ್ಟುಹಾಕಬಲ್ಲದು. ಎರಡನೆಯದು, ಹೊಸ ದೊಡ್ಡ ಕಾರ್ಡುಗಳ 16 ಪಿನ್ ಕನೆಕ್ಟರ್. 2022ರಲ್ಲಿ 4090 ಬಂದ ಕೆಲವೇ ದಿನಗಳಲ್ಲಿ ಅದು ಕರಗಿದ ಚಿತ್ರಗಳು ಬರತೊಡಗಿದವು. ಪೂರ್ತಿ ಒಳಗೆ ಕೂರದಿದ್ದದ್ದು ಅದಕ್ಕೆ ಸಿಕ್ಕ ಕಾರಣಗಳಲ್ಲೊಂದು. ಆಮೇಲೆ ವಿನ್ಯಾಸ ತಿದ್ದಿ 12ವಿ-2×6 ಎಂದು ತಂದರು. ಯಾವುದೇ ಇರಲಿ, ಸಂದು ಕಾಣದಷ್ಟು ಒಳಗೆ ಒತ್ತಿ, ಕನೆಕ್ಟರಿನ ಪಕ್ಕದಲ್ಲೇ ಕೇಬಲ್ ಬಗ್ಗಿಸಬೇಡಿ.

ಡಿಡಿಆರ್5 ಪಿಸಿಯನ್ನು ಮೊದಲ ಸಲ ಆನ್ ಮಾಡಿದಾಗ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪಗೇ ಇರುತ್ತದೆ. ಕೆಲವು ನಿಮಿಷವೇ ಹಾಗಿರಬಹುದು. ಬೋರ್ಡು ರ್‍ಯಾಮಿನ ಸಮಯ ಹೊಂದಿಸಿಕೊಳ್ಳುತ್ತಿರುತ್ತದೆ. ಹೊಸಬರು ಇದನ್ನು ತಿಳಿಯದೆ ಗಾಬರಿಯಾಗಿ ಸ್ವಿಚ್ ಆರಿಸುತ್ತಾರೆ, ಮತ್ತೆ ಹಾಕುತ್ತಾರೆ, ಬೋರ್ಡೇ ಹಾಳಾಗಿದೆ ಎಂದು ವಾಪಸ್ ಕಳಿಸುವುದೂ ಉಂಟು. ಸುಮ್ಮನೆ ಕಾಯಿರಿ.

ಕಟ್ಟುವುದರಲ್ಲಿ ನನಗೆ ಕಷ್ಟವೆನಿಸುವುದು ಜೋಡಣೆಯಲ್ಲ. ಹೊಸ ಭಾಗವೇ ಕೆಟ್ಟು ಬಂದಿದ್ದರೆ ಯಾವುದು ಎಂದು ಪತ್ತೆಹಚ್ಚುವುದು ಕಷ್ಟ. ಬದಲಿಸಿ ನೋಡಲು ಮನೆಯಲ್ಲಿ ಇನ್ನೊಂದು ಪವರ್ ಸಪ್ಲೈ, ಇನ್ನೊಂದು ರ್‍ಯಾಮ್ ಎಷ್ಟು ಜನರ ಹತ್ತಿರ ಇರುತ್ತದೆ? ಕೇಳಲು ತಿಳಿದವರಿಲ್ಲ, ಪುರಸೊತ್ತಿಲ್ಲ, ಆ ಪಿಸಿಯಲ್ಲೇ ನಾಳೆಯ ಕೆಲಸವೂ ಆಗಬೇಕು ಎನ್ನುವವರು ಜೋಡಿಸಿದ್ದನ್ನೇ ಕೊಳ್ಳುವುದು ಪೂರ್ತಿ ಸರಿಯಾದ ತೀರ್ಮಾನ. "ಕಟ್ಟದವನು ಗೇಮರ್ರೇ ಅಲ್ಲ" ಎಂದು ಹೀಯಾಳಿಸುವವರ ಮಾತು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಆಡುವ ಆಸೆಯಿಂದ ಬಂದವರನ್ನು ಅಂಥ ಮಾತು ದೂರ ತಳ್ಳುತ್ತದೆ.

ಹೆಚ್ಚಿನವರಿಗೆ ನಾನು ಹೇಳುವುದು ನಡುವಿನ ದಾರಿ: ಆಯ್ಕೆ ನಿಮ್ಮದು, ಜೋಡಣೆ ತಿಳಿದವರದು. ಮೊದಲು ಮಾನಿಟರ್ ತೀರ್ಮಾನಿಸಿ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್, 1440ಪಿಯಲ್ಲಿ 36.9 ಲಕ್ಷ, 4ಕೆಯಲ್ಲಿ 82.9 ಲಕ್ಷ. ಗ್ರಾಫಿಕ್ಸ್ ಕಾರ್ಡಿನ ಹೊರೆ ಬಹುಮಟ್ಟಿಗೆ ಅಲ್ಲೇ ನಿರ್ಧಾರವಾಗುತ್ತದೆ. ಆಮೇಲೆ ಕಾರ್ಡ್, ಅದಕ್ಕೆ ತಕ್ಕ ಪ್ರೊಸೆಸರ್, ಕೊನೆಗೆ ಉಳಿದದ್ದು. ಪಟ್ಟಿ ಬರೆದು ಕೊಟ್ಟು ಜೋಡಿಸಲು ಹೇಳಿ. ಬಿಲ್ಲಿನಲ್ಲಿ ಪ್ರತಿ ಭಾಗದ ಪೂರ್ತಿ ಮಾಡೆಲ್ ಹೆಸರು ಇರಲಿ. ಖಾಲಿ ಪೆಟ್ಟಿಗೆಗಳು, ಪವರ್ ಸಪ್ಲೈಯ ಉಳಿದ ಕೇಬಲ್‌ಗಳು, ಸ್ಕ್ರೂ ಪೊಟ್ಟಣ ಎಲ್ಲವನ್ನೂ ಕೇಳಿ ಪಡೆಯಿರಿ. ಹೀಗೆ ಮಾಡಿದರೆ ಪ್ರತಿ ಭಾಗಕ್ಕೂ ಅದರದೇ ಕಂಪನಿಯ ವಾರಂಟಿ ನಿಮ್ಮ ಕೈಯಲ್ಲಿರುತ್ತದೆ, ಜೋಡಿಸಿದವರು ಅಂಗಡಿ ಮುಚ್ಚಿದರೂ.

ಬ್ರ್ಯಾಂಡ್ ಪಿಸಿಯೇ ಬೇಕೆಂದರೂ ಸರಿ, ಕೊಳ್ಳುವ ಮುಂಚೆ ಪಕ್ಕದ ಬಾಗಿಲು ತೆಗೆಸಿ ಒಳಗಿನ ಫೋಟೋ ನೋಡಿ. ಬೋರ್ಡ್ ಎಟಿಎಕ್ಸ್ ಅಥವಾ ಮೈಕ್ರೊ ಎಟಿಎಕ್ಸ್ ಅಳತೆಯದೇ, ಅದಕ್ಕೆ 24 ಪಿನ್ ಕನೆಕ್ಟರ್ ಇದೆಯೇ, ರ್‍ಯಾಮ್ ಎರಡು ಕಡ್ಡಿಯೇ, ಮುಂಭಾಗದಲ್ಲಿ ಗಾಳಿ ಒಳಗೆ ಬರಲು ಜಾಲರಿ ಇದೆಯೇ ಅಥವಾ ಬರೀ ಗಾಜಿನ ಗೋಡೆಯೇ. ಇಷ್ಟು ನೋಡಲು ಎರಡು ನಿಮಿಷ ಸಾಕು.

ಈಗ ಪಿಸಿ ನೋಡುತ್ತಿರುವವರು ನಿಮ್ಮ ಪಟ್ಟಿಯನ್ನು ಕೆಳಗೆ ಹಾಕಿ. ಯಾವ ಗೇಮ್ ಆಡುತ್ತೀರಿ, ಯಾವ ಮಾನಿಟರ್ ಎಂಬುದನ್ನು ಬರೆಯಿರಿ, ಪವರ್ ಸಪ್ಲೈ ಮತ್ತು ಮದರ್‌ಬೋರ್ಡಿನ ಪೂರ್ತಿ ಹೆಸರು ತಪ್ಪದೇ ಸೇರಿಸಿ. ರಾತ್ರಿ ಕೂತು ಒಂದೊಂದಾಗಿ ನೋಡಿ ಉತ್ತರಿಸುತ್ತೇನೆ.